ಇಲಿಮನೆಯ ಅಣ್ಣ

ಮೊನ್ನೆ ಸರ್ಜಾಪುರದ ನರ್ಸರಿಯೊಂದರಲ್ಲಿ ತುಳಸಿ ಗಿಡ ಆರಿಸುತ್ತಿದ್ದೆ. ಪಕ್ಕದಲ್ಲೇ ಒದ್ದೆ ಭತ್ತದ ಹೊಟ್ಟಿನ ರಾಶಿ ಬಿಸಿಲಿಗೆ ಹಬೆಯಾಡುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ನಮ್ಮ ಇಲಿಮನೆಯ ವಾಸನೆ ಅದು...

ಹತ್ತು-ಹನ್ನೆರಡು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ ಸಿಟಿ ಆಚೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ಅಲರ್ಜಿ ಎಬ್ಬಿಸುವ ಪ್ರತಿಕಾಯವನ್ನು ಇನ್ನೊಂದು ಪ್ರತಿಕಾಯದಿಂದ ಕಟ್ಟಿಹಾಕುವ ಔಷಧ ನಮ್ಮದು. ಮುಳ್ಳಿನಿಂದಲೇ ಮುಳ್ಳು ತೆಗೆಯುವ ಕೆಲಸ. ಮೊದಲ ಪರೀಕ್ಷೆ ಇಲಿಗಳ ಮೇಲೆ. ಆ ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಗದಗದ ಕಡೆಯ ಒಬ್ಬ ಅಣ್ಣ. ಭತ್ತದ ಹೊಟ್ಟನ್ನು ಕ್ರಿಮಿ ಸಾಯಲೆಂದು ಹಬೆಯಲ್ಲಿ ಬೇಯಿಸಿ, ಆರಿಸಿ, ಪಂಜರಗಳಿಗೆ ಹಾಸುತ್ತಿದ್ದರು. ಕೈಗವಸು ಕಂಡರೆ ಇಲಿ ಬೆದರುತ್ತದೆಂದು ಬರಿಗೈಯಲ್ಲೇ ಎತ್ತುವರು, ಮಾಸ್ಕ್ ಕೆಳಗಿಳಿಸಿ ಅವುಗಳ ಜೊತೆ ಮಾತಾಡುವರು. ನಿಯಮ ಹಾಗಿರಲಿಲ್ಲ. ಆದರೆ ಬೆದರಿದ ಇಲಿಯಿಂದ ಸರಿಯಾದ ಫಲಿತಾಂಶ ಸಿಗುವುದಿಲ್ಲ. ಅವರ ಅಂಗೈಯಲ್ಲಿ ಇಲಿ ನಿದ್ದೆ ಹೋಗುತ್ತಿತ್ತು. ನಾವೆಲ್ಲ ಕಂಡೂ ಕಾಣದಂತಿದ್ದೆವು.

ಆಮೇಲೆ ಸೀನು ಶುರುವಾಯಿತು. ಕೆಂಪು ಕಣ್ಣು, ಮುಂಗೈ ತುಂಬ ದದ್ದು, ಎದೆಯಲ್ಲಿ ಸುಯ್ ಸುಯ್. ಇಲಿಯೇ ಅವರಿಗೆ ಆಗಿಬರುತ್ತಿರಲಿಲ್ಲ. ಅಲರ್ಜಿಯನ್ನೇ ಓದಿ ಬಂದ ನನಗೆ ಅದು ತಿಳಿಯದ್ದೇನಲ್ಲ.

"ಮೇಡಂ, ಮ್ಯಾಲಿನೋರಿಗೆ ಹೇಳಬ್ಯಾಡ್ರಿ. ಇಲ್ಲಿಂದ ತಗದ್ರ ಮತ್ತ ಗಾರೆ ಹೊರಾಕ ಹೋಗಬೇಕ್ರಿ" ಎಂದು ಕೈಮುಗಿದರು.

ಪ್ರಯೋಗ ಮುಗಿಯಲು ಮೂರೇ ವಾರ ಉಳಿದಿತ್ತು. ಹೇಳಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗಿನಿಂದ ಒಂದು ಅಲರ್ಜಿ ಮಾತ್ರೆ ತೆಗೆದು ಕೊಡುತ್ತಿದ್ದೆ. ಕರುಣೆ ಎಂದುಕೊಂಡಿದ್ದೆ. ನನಗೆ ಬೇಕಿದ್ದದ್ದು ಅವರ ಕೈ.

ಮೂರನೆಯ ವಾರ ಕೇಳಿದರು, "ಇಲಿಗೆ ಔಷಧ ಹಿಡಿಸೇತೇನ್ರಿ?"

"ಹಿಡಿಸಿದೆ ಅಣ್ಣ."

"ಹಂಗಾರ ನನಗೂ ಹಿಡಸ್ತೈತಿ ಬಿಡ್ರಿ" ಎಂದು ನಕ್ಕರು. ನಗು ಕೆಮ್ಮಾಯಿತು.

ಎರಡು ದಿನ ಕಳೆದು ಪಂಜರಗಳ ನಡುವೆ ಕುಸಿದು ಕೂತಿದ್ದರು, ಬಾಯಿ ತೆರೆದು, ಉಸಿರು ಸಿಗದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಮೊದಲಿನಿಂದಲೂ ಉಬ್ಬಸವಿತ್ತಂತೆ ಎಂದು ಯಾರೋ ಅಂದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ನಮ್ಮ ಔಷಧ ಇಲಿಗಳನ್ನು ದಾಟಿ ಮನುಷ್ಯರವರೆಗೆ ಬರಲೇ ಇಲ್ಲ. ನಾನು ಬೇರೆ ಕಂಪನಿಗೆ ಹೋದೆ, ಆಮೇಲೆ ಇನ್ನೊಂದಕ್ಕೆ... ಈಗ ಅಂಥದೇ ಚುಚ್ಚುಮದ್ದು ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅದರ ಸುದ್ದಿ ಓದಿದಾಗಲೆಲ್ಲ ಸಂತೋಷವಾಗುವುದಿಲ್ಲ, ಸುಸ್ತಾಗುತ್ತದೆ.

"ಯಾಕಕ್ಕ, ಕಣ್ಣಲ್ಲಿ ನೀರು? ಧೂಳು ಆಗಲ್ವಾ ನಿಮ್ಗೆ?" ಎಂದ ನರ್ಸರಿಯವನು.

ನನಗೆ ಯಾವ ಅಲರ್ಜಿಯೂ ಇಲ್ಲ. ಆದರೂ ಬ್ಯಾಗಿನಲ್ಲಿ ಆ ಮಾತ್ರೆಯ ಪಟ್ಟಿ ಇದ್ದೇ ಇರುತ್ತದೆ. ಅವಧಿ ಮುಗಿದರೆ ಎಸೆದು, ಹೊಸದು ತಂದಿಡುತ್ತೇನೆ.