ಬೆಳಕು ಬೀಳಲು ಒಂದು ಜಾಗ

ಸುಣ್ಣದ ಹರಳಿಗೆ ನೀರು ಬಿದ್ದಾಗ ಏಳುವ ಆ ಬಿಸಿ ವಾಸನೆ ಈಗ ಅಪರೂಪ. ಹೋದ ತಿಂಗಳು ನವನಗರದಲ್ಲಿ ಯಾರದೋ ಕಾಂಪೌಂಡಿನ ಪಕ್ಕ ಅದು ಮೂಗಿಗೆ ಬಡಿದಾಗ ಗಾಡಿ ನಿಲ್ಲಿಸಿ ನಿಂತುಬಿಟ್ಟೆ. ಹುಬ್ಬಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಆ ವಾಸನೆ ಬಂತೆಂದರೆ ಈಸ್ಟರ್ ಬಂತೆಂದೇ ಅರ್ಥ. ಶುಭ ಶುಕ್ರವಾರದ ಮರುದಿನ ಅಜ್ಜಿ ಮಣ್ಣಿನ ಹರವಿಯಲ್ಲಿ ಸುಣ್ಣ ಅರಳಿಸಿ, ಚಿಟಿಕೆ ನೀಲಿ ಬೆರೆಸಿ, ನಮ್ಮನ್ನೆಲ್ಲ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗಿ ಅಜ್ಜನ ಸಮಾಧಿಗೆ ಬಳಿಯುತ್ತಿದ್ದಳು. ಭಾನುವಾರದ ನಸುಕಿನಲ್ಲಿ ಸಭೆಯವರೆಲ್ಲ ತಮ್ಮ ತಮ್ಮವರ ಸಮಾಧಿಗಳ ಬಳಿ ಮೂಡಣ ನೋಡುತ್ತ ನಿಲ್ಲುತ್ತಿದ್ದರು. ಮೊದಲ ಬೆಳಕು ಆ ಬಿಳುಪನ್ನು ಮುಟ್ಟಿದ ಮೇಲೆಯೇ ಹಿರಿಯರೊಬ್ಬರು "ಕ್ರಿಸ್ತನು ಎದ್ದಿದ್ದಾನೆ" ಎನ್ನಬೇಕು, ಉಳಿದವರು "ನಿಜವಾಗಿ ಎದ್ದಿದ್ದಾನೆ" ಎಂದು ಉತ್ತರಿಸಬೇಕು. ಅದಕ್ಕೆ ಮುಂಚೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ನಾನು ಸಣ್ಣವನಿದ್ದಾಗ ಒಂದು ವರ್ಷ ಅದೇ ವಾರ ಊರಿನಲ್ಲಿ ಗಲಾಟೆಯಾಗಿ ಕರ್ಫ್ಯೂ ಬಿತ್ತು. ಅಪ್ಪನ ತಮ್ಮ, ನನ್ನ ಕಾಕಾ, ಲಕಮನಹಳ್ಳಿಯ ಕಾರ್ಖಾನೆಗೆ ಪಾಳಿಗೆ ಹೋದವನು ಮರಳಿರಲಿಲ್ಲ. ಬಸ್ಸುಗಳು ನಿಂತಿದ್ದವು. ಓಣಿಗಿದ್ದ ಒಂದೇ ಫೋನು ಸತ್ತಿತ್ತು. ಅವನ ಹೆಂಡತಿ ಕಾಕು ಪ್ರತಿ ಹೊತ್ತಿಗೂ ಅವನ ತಾಟು ತೊಳೆದು, ಬಡಿಸಿ, ಮುಚ್ಚಿಡುತ್ತಿದ್ದಳು. ಶನಿವಾರ ಅಜ್ಜಿ ಹರವಿ ಹೊರಗೆ ತೆಗೆದಾಗ ಅಪ್ಪ, ಸ್ಮಶಾನದ ದಾರಿ ಬಂದಾಗಿದೆ, ಈ ಸಲ ಪೊಲೀಸರಿಗೇ ಬಳಿಯುವ ವಿಚಾರವೇನು ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅಜ್ಜಿ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಉದ್ದನೆಯ ಕಲ್ಲನ್ನು ತಿಕ್ಕಿ ತೊಳೆದು, ಅದಕ್ಕೇ ಸುಣ್ಣ ಬಳಿಯತೊಡಗಿದಳು. ಒಣಗುತ್ತ ಬಂದಂತೆ ಅದು ಬೆಳ್ಳಗೆ, ಇನ್ನೂ ಉದ್ದವಾಗಿ ಕಾಣಿಸಿತು. ನೀರಿಗೆಂದು ಬಂದ ಕಾಕು ಅದನ್ನು ಕಂಡು ಕೊಡ ಕೆಳಗಿಟ್ಟಳು.

"ಅತ್ತಿ, ಯಾರ ಗೋರಿ ಮಾಡಾಕತ್ತೀರಿ ಮನ್ಯಾಗ?"

ಅಜ್ಜಿಯ ಕೈ ನಿಂತಿತು. ತಾನು ಮಾಡುತ್ತಿರುವುದು ಹೀಗೂ ಕಾಣಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮೆಲ್ಲಗೆ ಹೇಳಿದಳು: "ಗೋರಿ ಅಲ್ಲವ್ವಾ. ಬೆಳಕ ಬೀಳಾಕ ಒಂದ ಜಾಗಾ ಮಾಡೇನಿ."

"ನಿಮ್ಮ ಮಗಾ ಮೊದಲ ಬರಲಿ. ಅಲ್ಲೀತನಕ ನನ್ನ ಬಾಯಾಗ 'ಎದ್ದಿದ್ದಾನೆ' ಅನ್ನೂ ಮಾತ ಬರಂಗಿಲ್ಲ."

ಮರುದಿನ ನಸುಕಿನಲ್ಲಿ ನಾವು ಕಲ್ಲಿನ ಸುತ್ತ ನಿಂತೆವು. ಕಾಕು ಅಡಿಗೆಮನೆಯ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಳು. ಆಗ ತಿಳಿಯಿತು ಅಜ್ಜಿಯ ತಪ್ಪು. ನಮ್ಮ ಹಿತ್ತಲು ಮನೆಯ ಪಡುವಣಕ್ಕಿತ್ತು. ಸೂರ್ಯನಿಗೂ ಕಲ್ಲಿಗೂ ನಡುವೆ ಇಡೀ ಹೆಂಚಿನ ಮಾಡು. ಆಕಾಶ ಬೆಳಗಿತು, ಕಾಗೆಗಳು ಹಾರಿಹೋದವು, ಕಲ್ಲು ಮಾತ್ರ ಬೂದಿಯ ಬಣ್ಣದಲ್ಲೇ ಉಳಿಯಿತು. ಅಂದುಬಿಡು ಎಂದು ಅಪ್ಪ ಸನ್ನೆ ಮಾಡಿದ. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ, ನನಗೆ ನೆನಪಿರುವ ಮಟ್ಟಿಗೆ, ಸೂರ್ಯನಿರಬಾರದ ಪಡುವಣ ದಿಕ್ಕಿನಿಂದಲೇ ಒಂದು ಬೆಳಕು ಬಂದು ಕಲ್ಲಿನ ಮೇಲೆ ನಿಂತಿತು. ಎಳೆ ಜೇನಿನ ಬಣ್ಣ. ಅಜ್ಜಿಯ ಸೆರಗು, ಅಪ್ಪನ ಗಡ್ಡ, ನನ್ನ ಅಂಗೈ, ಎಲ್ಲವೂ ಅದರಲ್ಲಿ ಮಿಂದವು. ಅಜ್ಜಿಯ "ಕ್ರಿಸ್ತನು ಎದ್ದಿದ್ದಾನೆ" ಬರೀ ಉಸಿರಾಗಿ ಹೊರಬಂತು. ನಾವು ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ, ಪ್ರಾರ್ಥನೆಯ ಆ ಗ್ರಾಂಥಿಕ ಕನ್ನಡದಲ್ಲಿ, ಅವಸರವಿಲ್ಲದೆ ಉತ್ತರ ಬಂತು: "ನಿಜವಾಗಿ ಎದ್ದಿದ್ದಾನೆ." ತಿರುಗಿ ನೋಡಿದರೆ ಕಾಕು ನಮ್ಮತ್ತ ಮುಖ ಮಾಡಿ ನಿಂತಿದ್ದಳು.

ವಿಶ್ವವಿದ್ಯಾಲಯದಲ್ಲಿ ಕಲಿತದ್ದೆಂದರೆ ಅನುಮಾನಿಸುವುದು. ಆ ಬೆಳಕು ಹಿತ್ತಲ ಹಿಂದಿನ ಮಾಳಿಗೆಮನೆಯ ಕಿಟಕಿ ಗಾಜಿನಿಂದ ಪ್ರತಿಫಲಿಸಿ ಬಂದದ್ದಿರಬೇಕು ಎಂದು ಎಂದೋ ಲೆಕ್ಕ ಹಾಕಿಕೊಂಡಿದ್ದೇನೆ. ವಿಚಿತ್ರವೆಂದರೆ ಅದರಿಂದ ನನ್ನ ಬೆರಗು ಕಡಿಮೆಯಾಗಲಿಲ್ಲ. ಕಾಡುವುದು ಬೇರೆ. ಕಾಕಾ ಸೋಮವಾರ ಹಾಲಿನ ಗಾಡಿಯಲ್ಲಿ ಬಂದ ಎಂದು ನನ್ನ ನೆನಪು. ಕಾರ್ಖಾನೆಯ ಶೆಡ್ಡಿನಲ್ಲೇ ಸಿಕ್ಕಿಕೊಂಡಿದ್ದನಂತೆ. ನನ್ನ ಅಕ್ಕನ ಪ್ರಕಾರ ಅವನು ಶನಿವಾರ ರಾತ್ರಿಯೇ ಬಂದು ಒಳಗೆ ಮಲಗಿದ್ದ, ಕಾಕು ಉತ್ತರಿಸಿದ್ದೇ ಅದಕ್ಕೆ. ಸಾಕ್ಷಿ ಹೇಳಬೇಕಾದ ಬಹುತೇಕರು ಹೋದ ಮೇಲೆಯೇ ಇಂಥ ಪ್ರಶ್ನೆಗಳು ಹುಟ್ಟುವುದು, ನಿಮಗೂ ಗೊತ್ತಿರುತ್ತದೆ. ಅಜ್ಜಿ, ಅಪ್ಪ, ಕಾಕಾ ಒಂದೇ ಸಾಲಿನಲ್ಲಿ ಮಲಗಿದ್ದಾರೆ. ಮನೆ ಇದ್ದಲ್ಲಿ ಮೊಬೈಲ್ ಅಂಗಡಿಗಳಿವೆ.

ಹಿರಿಯರಲ್ಲಿ, ನವನಗರದಲ್ಲಿ ಮಗಳ ಜೊತೆ ಇರುವ ಕಾಕು ಮಾತ್ರ ಉಳಿದಿದ್ದಳು. ಆ ಸುಣ್ಣದ ವಾಸನೆ ಬಡಿದ ದಿನ ಅವಳಲ್ಲಿಗೇ ಹೋದೆ. ಕಣ್ಣು ಮಂಜಾಗಿ, ಮೆಂತ್ಯದ ಎಲೆಗಳನ್ನು ಬೆರಳಿನಿಂದಲೇ ಗುರುತಿಸಿ ಬಿಡಿಸುತ್ತಿದ್ದಳು. ನೀನು ಉತ್ತರಿಸಿದಾಗ ಕಾಕಾ ಬಂದಿದ್ದನೇ ಎಂದು ಕೇಳಿದೆ.

"ಇಷ್ಟ್ ಸಾಲಿ ಕಲ್ತು ಇದನ್ನ ಕೇಳಾಕ ಬಂದಿಯೇನಪಾ?" ಎಂದು ನಕ್ಕಳು. ಆಮೇಲೆ ಅವಳ ಕೈ ನಿಂತಿತು. "ಬಂದಿದ್ದಿಲ್ಲ. ಬರ್ತಾರಂತ ನನಗ ಅನಿಸಿದ್ದೂ ಇಲ್ಲ."

ಅವಳು ಮೆಂತ್ಯದ ಸಿವುಡನ್ನು ನನ್ನತ್ತ ಸರಿಸಿದಳು. ಸಂಜೆಯಾಗುವ ತನಕ ಇಬ್ಬರೂ ಎಲೆ ಬಿಡಿಸುತ್ತ ಕೂತಿದ್ದೆವು.