ಅಪ್ಪಣೆಗೆ ಕಾದ ಎರಡು ಸಾಲು

ಮಗಳು ಹುಟ್ಟಿದಾಗ ಬಿಟ್ಟ ಸಾಫ್ಟ್‌ವೇರ್ ಕೆಲಸ ಮತ್ತೆ ಸಿಗಲಿಲ್ಲ. ಇಷ್ಟು ವರ್ಷ ಮನೆಯಲ್ಲೇ ಇದ್ದಿರಲ್ಲ, ಈಚೆಗೆ ಮಾಡಿದ್ದು ಏನಾದರೂ ತೋರಿಸಿ ಎಂದು ಪ್ರತಿ ಇಂಟರ್‌ವ್ಯೂನಲ್ಲೂ ಕೇಳುತ್ತಿದ್ದರು. ಸಾರು, ಹುಳಿ ಬಿಟ್ಟರೆ ತೋರಿಸುವುದಕ್ಕೆ ನನ್ನ ಹತ್ತಿರ ಏನಿತ್ತು? ಓಪನ್ ಸೋರ್ಸ್‌ಗೆ ಇಳಿ, ಅಲ್ಲಿ ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತದೆ ಎಂದು ಹಳೆಯ ಸಹೋದ್ಯೋಗಿಯೊಬ್ಬಳು ಹೇಳಿದಳು.

ಪುಸ್ತಕ ಓದುವ ಒಂದು ಉಚಿತ ಆ್ಯಪ್ ಹಿಡಿದೆ. ಅದರ ಕೋಡನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಿ ಕಳಿಸಬಹುದು. ಅದರ ಬಟನ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಅರ್ಧ ಕತ್ತರಿಸಿ ಹೋಗುತ್ತವೆ ಎಂದು ಯಾರೋ ದೂರು ಬರೆದಿದ್ದರು. ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಅತ್ತೆ ಸೀರಿಯಲ್ ಹಾಕಿಕೊಂಡು ಕೂತಾಗ, ನಾನು ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಎರಡೇ ಸಾಲಿನಲ್ಲಿ ಅದನ್ನು ಸರಿ ಮಾಡಿದೆ. ಎದ್ದು ಕುಣಿಯುವಷ್ಟು ಖುಷಿಯಾಯಿತು.

ಆದರೆ ಕಳಿಸಲಿಲ್ಲ. ದೂರಿನ ಕೆಳಗೆ ಆ್ಯಪ್ ನೋಡಿಕೊಳ್ಳುವವರಿಗೆ, ಸರ್, ಇದನ್ನು ನಾನು ಮಾಡಬಹುದೇ ಎಂದು ಬರೆದು ಕಾದೆ. ದೊಡ್ಡವರನ್ನು ಒಂದು ಮಾತು ಕೇಳದೆ ಕೈಹಾಕುವುದು ಉಂಟೇ? ಮಾರೇನಹಳ್ಳಿಗೆ ತರಕಾರಿಗೆ ಹೊರಟರೂ ಅತ್ತೆ ಹೂಂ ಎಂದ ಮೇಲೇ ಚಪ್ಪಲಿ ಮೆಟ್ಟುವವಳು ನಾನು. ಸೊಪ್ಪು ಬಿಡಿಸುವಾಗ, ಮಗಳಿಗೆ ಜಡೆ ಹಾಕುವಾಗ ಫೋನ್ ನೋಡಿದ್ದೇ ನೋಡಿದ್ದು. ಉತ್ತರ ಬರಲಿಲ್ಲ. ಮತ್ತೆ ಕೇಳಿದರೆ ಬೇಸರ ಮಾಡಿಕೊಂಡಾರು ಎಂದು ಸುಮ್ಮನಾದೆ.

ಒಂದು ದಿನ ನೋಡಿದರೆ ದೂರು ಮುಚ್ಚಿತ್ತು. ಹೆಚ್ಚುಕಡಿಮೆ ನನ್ನವೇ ಎನ್ನಬಹುದಾದ ಎರಡು ಸಾಲುಗಳನ್ನು ಬೇರೆ ಯಾರೋ ಕಳಿಸಿ, ಅವು ಆ್ಯಪ್‌ಗೆ ಸೇರಿಯೂ ಆಗಿತ್ತು. ಆ್ಯಪ್ ನೋಡಿಕೊಳ್ಳುವವರು ನನಗೂ ಬರೆದಿದ್ದರು: ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಮುಂದಿನ ಸಲ ಸುಮ್ಮನೆ ಕಳಿಸಿಬಿಡಿ. ಒಳ್ಳೆಯ ಮಾತೇ. ನನಗೆ ಮಾತ್ರ ಅಳು ಬಂತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರೂ ನನ್ನನ್ನು ತಡೆದಿರಲಿಲ್ಲ.

ಇನ್ನೊಂದು ದೂರು ಹುಡುಕಿದೆ. ಇದು ಸ್ವಲ್ಪ ದೊಡ್ಡ ಕೆಲಸ, ಟಿವಿ ಸದ್ದಿನಲ್ಲಿ ಆಗುವಂಥದ್ದಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ರೂಮಿನ ಬಾಗಿಲವರೆಗೆ ಹೋಗಿ ನಿಂತುಬಿಟ್ಟೆ.

"ಅತ್ತೆ, ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಳ್ಲಾ?"

ಅತ್ತೆ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಅದನ್ನೂ ಕೇಳ್ತಾರೇನೇ? ಹಾಕ್ಕೋ ಹೋಗು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈ ಚಿಲಕದವರೆಗೂ ಹೋಯಿತು. ಚಿಲಕದ ಬಗ್ಗೆ ಕೇಳಿರಲಿಲ್ಲ. ಹಾಕಲಿಲ್ಲ.