ಕಯಾಕ್ ಆರಿಸುವ ನಮ್ಮ ಯಜಮಾನರು

ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿ ಕಯಾಕ್ ಹುಡುಕಲು ಹೊರಟ ಮೇಲೆ ನಮ್ಮ ಯಜಮಾನರು ಕೂತಲ್ಲಿ ಕೂರುವವರಲ್ಲ. ಬಂಡೆಗಳ ನಡುವೆ ಭೋರ್ಗರೆಯುವ ನದಿಗೆ ಮೀನಿನಂತೆ ಆಡುವ ದೋಣಿಯೂ ಬೇಕು, ಮಂಚದಂತೆ ಅಲುಗದ ದೋಣಿಯೂ ಬೇಕು, ಎರಡೂ ಒಂದೇ ಆಗಿರಬೇಕು. ಆರು ಶನಿವಾರಗಳಿಂದ ಅಂಗಡಿಯ ನೆಲದ ಮೇಲಿರುವ ಒಂದೊಂದರೊಳಗೂ ಕಾಲು ತೂರಿಸಿ, ಸೊಂಟ ಕುಣಿಸಿ, “ಇದು ಚುರುಕು, ಆದ್ರೆ ಮಗುಚುತ್ತೆ ಕಣೇ,” ಎಂದು ಎದ್ದುಬಿಡುತ್ತಾರೆ. ಮುಂದಿನದರಲ್ಲಿ ಕೂತು, “ಇದು ಮಗುಚಲ್ಲ, ಆದ್ರೆ ಶುದ್ಧ ಎಮ್ಮೆ,” ಎನ್ನುತ್ತಾರೆ. ಮನೆಗೆ ಬಂದರೆ ಮಗಳ ಸ್ನಾನದ ಟಬ್ಬಿನಲ್ಲಿ ಸೋಪಿನ ಡಬ್ಬಿ ತೇಲಿಸಿ ಅಲೆ ಎಬ್ಬಿಸುತ್ತಾರೆ. ನನಗೆ ಬೇಕಾದದ್ದು ಒಂದೇ, ಇವರು ನದಿಗೆ ಹೋದ ಹಾಗೆಯೇ ತಿರುಗಿ ಬರಬೇಕು. ನಿನ್ನೆ ಅಂಗಡಿಯಾಕೆಗೂ ಸಾಕಾಯಿತು: “ಅಣ್ಣಾ, ತೂಕಕ್ಕೆ ಸರಿಯಾದ ಅಳತೆ ತಗೊಂಡ್ರೆ ಎರಡೂ ಸಿಗುತ್ತೆ. ನಿಮ್ಮ ತೂಕ ಎಷ್ಟು?” “ಎಂಬತ್ಮೂರು.” ಇವರ ಕಡ್ಡಿ ತೋಳು ನೋಡಿ ಆಕೆ ನಕ್ಕಳು. “ಸುಳ್ಳು ಹೇಳ್ಬೇಡಿ, ಅಷ್ಟು ತೂಕಕ್ಕೆ ದೊಡ್ಡ ದೋಣಿ ಕೊಡ್ಬೇಕಾಗುತ್ತೆ, ಅದು ನಿಮ್ಮ ಮಾತು ಕೇಳಲ್ಲ.” ಸುಳ್ಳಲ್ಲ, ಕೆಳಗಿಳಿಸಿದರೆ ಮಗಳು ಅಳುತ್ತಾಳೆಂದು ಇವರು ಅವಳನ್ನು ಎತ್ತಿಕೊಂಡೇ ತೂಕ ನೋಡಿಕೊಳ್ಳುವವರು. ನಾನು ಹಾಗೆಂದಾಗ ಆಕೆ ಕೇಳಿದಳು, “ಸರಿ, ಮಗು ಬಿಟ್ಟು ಎಷ್ಟು?” “ಬಿಟ್ಟು ನೋಡ್ಕೊಂಡೇ ಇಲ್ವಲ್ಲಾ,” ಎಂದ ಇವರು, ಆರು ವಾರಗಳಲ್ಲಿ ಮೊದಲ ಸಲ, ಕೂತ ಕಯಾಕಿನಲ್ಲಿ ಅಲುಗಾಡದೆ ಕೂತರು.